ಪ್ರೌಢಶಾಲಾ ಉಪಾಧ್ಯಾಯರ ಅರ್ಹತಾ ಪದವಿ: ಶಿವಮೊಗ್ಗ–ಭದ್ರಾವತಿ ಸೀಮೆಯಿಂದ ಒಂದು ಅವಲೋಕನ

೧

ಪ್ರೌಢಶಾಲೆಯಲ್ಲಿ ಪಾಠ ಹೇಳಬಯಸುವವನಿಗೆ ವಿಷಯಜ್ಞಾನವೊಂದೇ ಸಾಲದು. ಕಲಿಸುವ ಕಲೆಯನ್ನು ಕಲಿತಿರುವನೆಂಬುದಕ್ಕೆ ವಿಶ್ವವಿದ್ಯಾನಿಲಯದ ಪ್ರಮಾಣಪತ್ರವೂ ಅವನಲ್ಲಿರಬೇಕೆಂಬುದು ಇಂದು ಎಲ್ಲರೂ ಬಲ್ಲ ನಿಯಮ. ಈ ನಿಯಮಕ್ಕೂ ಒಂದು ಚರಿತ್ರೆಯುಂಟು. ಶಿವಮೊಗ್ಗ ನಗರದಲ್ಲಿಯೋ ಭದ್ರಾವತಿಯ ಕಾರ್ಖಾನೆಯ ವಸತಿಯಲ್ಲಿಯೋ ಬೆಳೆದ ಪದವೀಧರನೊಬ್ಬನು ಉಪಾಧ್ಯಾಯನಾಗಬೇಕಾದರೆ ಯಾವ ಕಾಲದಲ್ಲಿ ಎಷ್ಟು ದೂರ ಹೋಗಬೇಕಾಗಿತ್ತು, ಎಷ್ಟು ವರ್ಷ ಕಳೆಯಬೇಕಾಗಿತ್ತು ಎಂಬ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಪ್ರಸ್ತುತ ಲೇಖನದಲ್ಲಿ ಆ ಚರಿತ್ರೆಯನ್ನು ವಿಚಾರಿಸಲಾಗಿದೆ.

ವಿದ್ಯೆಗಾಗಿ ದೂರ ಹೋಗುವುದು ಈ ಸೀಮೆಗೆ ಹೊಸತಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಉನ್ನತ ಅಧ್ಯಯನಕ್ಕಾಗಿ ಪಲ್ಲವರ ಕಾಂಚಿಯ ಘಟಿಕಾಸ್ಥಾನಕ್ಕೆ ತೆರಳಿದುದನ್ನು ಹೇಳುತ್ತದೆ. ಅಲ್ಲಿ ನಡೆದ ಕಲಹದಿಂದ ಕದಂಬ ರಾಜ್ಯವು ಹುಟ್ಟಿದ ಕಥೆ ವಾಚಕರಿಗೆ ತಿಳಿದದ್ದೇ ಆಗಿದೆ. ಕಥೆಯ ಪೂರ್ವಾರ್ಧವಷ್ಟೇ ನಮಗಿಲ್ಲಿ ಪ್ರಸ್ತುತ: ಅಗ್ರಹಾರದಲ್ಲಿ ಹುಟ್ಟಿ ಬೆಳೆದವನಿಗೂ ಮೇಲಣ ವಿದ್ಯೆಗೆ ಕಾಂಚಿಯ ದಾರಿಯೇ ಗತಿಯಾಗಿತ್ತು. ಸುಮಾರು ಒಂದೂವರೆ ಸಾವಿರ ವರ್ಷಗಳ ತರುವಾಯ ಇದೇ ಸೀಮೆಯ ಪದವೀಧರರು ಉಪಾಧ್ಯಾಯ ವೃತ್ತಿಯ ಅರ್ಹತೆಗಾಗಿ ಹೆಚ್ಚು ಕಡಮೆ ಅದೇ ದಿಕ್ಕಿಗೆ, ಮದರಾಸಿಗೆ, ಮುಖಮಾಡಬೇಕಾಯಿತು.

೨

೧೮೫೪ರ ವುಡ್ ಖಲೀತೆಯು ಭಾರತದಲ್ಲಿ ಉಪಾಧ್ಯಾಯರ ಶಿಕ್ಷಣಕ್ಕಾಗಿ ಪ್ರತ್ಯೇಕ ಶಾಲೆಗಳನ್ನು ತೆರೆಯಬೇಕೆಂದು ಸೂಚಿಸಿತು. ಅಂತಹ ಶಾಲೆಗಳಲ್ಲಿ ಕಲಿಯುವ ಅವಧಿಯಲ್ಲಿ ಅಭ್ಯರ್ಥಿಗಳಿಗೆ ಸಾಕಷ್ಟು ವಿದ್ಯಾರ್ಥಿವೇತನವನ್ನು ಕೊಡಬೇಕೆಂಬ ಮಾತೂ ಅದರಲ್ಲಿತ್ತು. ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಲೇಖನದ ಕೊನೆಯಲ್ಲಿ ಅದಕ್ಕೆ ಹಿಂದಿರುಗಬೇಕಾಗಿದೆ.

ಆಗ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ೧೮೫೭ರಲ್ಲಿ ಇಲ್ಲಿ ವಿದ್ಯಾ ಇಲಾಖೆಯು ಸ್ಥಾಪಿತವಾಯಿತು. ೧೮೬೮ರಲ್ಲಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಬಂದಿತು. ಮುಂದೆ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಮತ್ತು ಎಂಟನೆಯ ಸಂಪುಟಗಳಲ್ಲಿ ಪ್ರಕಟಿಸಿ, ತಾಳಗುಂದದ ಪಾಠವನ್ನು ವಿದ್ವಾಂಸರ ಕೈಗಿತ್ತವರೂ ಇವರೇ. ಹಳ್ಳಿಯ ಶಾಲೆಗಳು ಹೆಚ್ಚಿದಂತೆ ಅವುಗಳ ಮೇಲಣ ಪ್ರೌಢಶಾಲೆಗಳೂ, ಪ್ರೌಢಶಾಲೆಗಳಿಗೆ ಪದವೀಧರರಾದ ಉಪಾಧ್ಯಾಯರೂ ಬೇಕಾದರು.

ಆ ಕಾಲದಲ್ಲಿ ಸಂಸ್ಥಾನದ ಕಾಲೇಜುಗಳು ೧೮೫೭ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಅಧ್ಯಾಪನದ ಅರ್ಹತೆಯನ್ನು ನೀಡುತ್ತಿದ್ದುದೂ ಅದೇ ವಿಶ್ವವಿದ್ಯಾನಿಲಯ. ಅದರ ಹೆಸರು ಎಲ್.ಟಿ., ಎಂದರೆ ‘ಲೈಸೆನ್ಷಿಯೇಟ್ ಇನ್ ಟೀಚಿಂಗ್’. ೧೮೫೬ರಲ್ಲಿ ನಾರ್ಮಲ್ ಶಾಲೆಯಾಗಿ ಆರಂಭವಾಗಿ ಮುಂದೆ ಸೈದಾಪೇಟೆಯಲ್ಲಿ ನೆಲೆಗೊಂಡ ಉಪಾಧ್ಯಾಯರ ಕಾಲೇಜು ಈ ಶಿಕ್ಷಣದ ಮುಖ್ಯ ಕೇಂದ್ರವಾಗಿತ್ತು. ಈ ಹೆಸರೇ ವಿಚಾರಾರ್ಹವಾದುದು. ವೈದ್ಯನಿಗೂ ವಕೀಲನಿಗೂ ಇರುವಂತೆ ಉಪಾಧ್ಯಾಯನಿಗೂ ಒಂದು ಪರವಾನಗಿ ಬೇಕೆಂಬ ಭಾವನೆ ಅದರಲ್ಲಿ ಅಡಗಿದೆ. ಮುಂದೆ ಬಂದ ಬಿ.ಟಿ. ಎಂಬುದು ‘ಟೀಚಿಂಗ್’, ಅಂದರೆ ಅಧ್ಯಾಪನದಲ್ಲಿ ಪದವಿ. ಅದರ ತರುವಾಯದ ಬಿ.ಎಡ್. ಎಂಬುದು ‘ಎಜುಕೇಷನ್’, ಅಂದರೆ ಶಿಕ್ಷಣಶಾಸ್ತ್ರದಲ್ಲಿ ಪದವಿ. ಪರವಾನಗಿಯಿಂದ ಕಲೆಗೆ, ಕಲೆಯಿಂದ ಶಾಸ್ತ್ರಕ್ಕೆ ಸಾಗಿದ ಆಲೋಚನೆಯನ್ನು ಈ ಮೂರು ಹೆಸರುಗಳಲ್ಲಿಯೇ ಗುರುತಿಸಬಹುದು.

೧೮೯೯ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿತು. ಈಗಿನ ಭದ್ರಾವತಿ ಆಗ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ, ಆ ದಾರಿಯ ಸಣ್ಣ ಊರು. ರೈಲು ಪ್ರಯಾಣದ ದಿನಗಳನ್ನು ಕಡಮೆ ಮಾಡಿತೇ ಹೊರತು ಪರಸ್ಥಳದಲ್ಲಿ ಒಂದು ವರ್ಷ ಊಟ ವಸತಿಗಳ ವೆಚ್ಚವನ್ನು ಭರಿಸುವ ಕಷ್ಟವನ್ನು ಕಡಮೆ ಮಾಡಲಿಲ್ಲ. ಆದುದರಿಂದ ಅರ್ಹತಾಪತ್ರವು ಅನುಕೂಲಸ್ಥರ ಮಕ್ಕಳಿಗೂ, ಸರ್ಕಾರವೇ ಆರಿಸಿ ಕಳುಹಿಸಿದ ಕೆಲವರಿಗೂ ಮಾತ್ರ ನಿಲುಕುವ ವಸ್ತುವಾಗಿತ್ತೆಂದು ಊಹಿಸುವುದರಲ್ಲಿ ತಪ್ಪಿಲ್ಲ.

೩

೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ ದೂರವು ಮೊದಲ ಬಾರಿಗೆ ಕುಗ್ಗಿತು. ಮುಂದಿನ ದಶಕಗಳಲ್ಲಿ ಬಿ.ಟಿ. ಪದವಿ ಮೈಸೂರಿನಲ್ಲಿಯೇ ದೊರೆಯತೊಡಗಿತು. ಮದರಾಸಿನ ಪರಭಾಷೆಯ ಪರಿಸರವು ಹೋಗಿ, ಕನ್ನಡದ ಪಟ್ಟಣವೊಂದರಲ್ಲಿ ಶಿಕ್ಷಣ ಪಡೆಯುವ ಸೌಕರ್ಯ ಒದಗಿತು.

ಇದೇ ಕಾಲದಲ್ಲಿ ಶಿವಮೊಗ್ಗ–ಭದ್ರಾವತಿಗಳ ರೂಪವೂ ಬದಲಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪದಿಂದ ಹುಟ್ಟಿದ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಭದ್ರಾವತಿಯಲ್ಲಿ ಉತ್ಪಾದನೆಯನ್ನು ಆರಂಭಿಸಿತು. ೧೯೩೬ರಲ್ಲಿ ಮೈಸೂರು ಕಾಗದದ ಕಾರ್ಖಾನೆಯ ಸ್ಥಾಪನೆಯಾಯಿತು. ಕನ್ನಡಿಗರೊಡನೆ ತಮಿಳು, ತೆಲುಗು, ಉರ್ದು, ಮಲೆಯಾಳ ಮಾತನಾಡುವ ಕುಟುಂಬಗಳು ಬಂದು ನೆಲಸಿದವು. ತಿಂಗಳ ಸಂಬಳವನ್ನು ನಂಬಿದ ಈ ಮನೆಗಳಲ್ಲಿ ಹೊಲವನ್ನು ಹಂಚಿಕೊಳ್ಳುವ ಮಾತಿರಲಿಲ್ಲ. ಮಕ್ಕಳಿಗೆ ಬಿಟ್ಟುಹೋಗಬಹುದಾದ ಆಸ್ತಿಯೆಂದರೆ ವಿದ್ಯೆಯೊಂದೇ. ಶಿವಮೊಗ್ಗದಲ್ಲಿ ೧೯೪೦ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜು ಆರಂಭವಾಯಿತು. ಇಂದಿನ ಸಹ್ಯಾದ್ರಿ ಕಾಲೇಜುಗಳ ಮೂಲವು ಅದೇ. ೧೯೪೬ರಲ್ಲಿ ರಾಷ್ಟ್ರೀಯ ಶಿಕ್ಷಣ ಸಮಿತಿಯು ಹುಟ್ಟಿತು. ಪದವಿಯ ಮೊದಲ ಮೆಟ್ಟಿಲುಗಳು ಹೀಗೆ ಊರಿಗೇ ಬಂದವು. ಆದರೆ ಉಪಾಧ್ಯಾಯನಾಗುವ ಕೊನೆಯ ಮೆಟ್ಟಿಲಿಗೆ ಇನ್ನೂ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾಗಿತ್ತು.

ಸ್ವಾತಂತ್ರ್ಯಾನಂತರ ೧೯೫೨–೫೩ರಲ್ಲಿ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗವು ಈ ಪ್ರಶ್ನೆಯನ್ನು ಕೂಲಂಕಷವಾಗಿ ಪರಿಶೀಲಿಸಿತು. ಅದರ ಎರಡು ಶಿಫಾರಸುಗಳು ನಮ್ಮ ವಿಷಯಕ್ಕೆ ಸಂಬಂಧಿಸಿವೆ. ಒಂದು, ಪದವೀಧರರ ತರಬೇತಿಯು ಸದ್ಯಕ್ಕೆ ಒಂದು ವರ್ಷದ್ದಾಗಿದ್ದು, ಕಾಲಕ್ರಮದಲ್ಲಿ ಎರಡು ವರ್ಷಗಳಿಗೆ ವಿಸ್ತರಿಸಬೇಕು. ಎರಡು, ತರಬೇತಿ ಕಾಲೇಜುಗಳಲ್ಲಿ ಶುಲ್ಕವನ್ನು ವಸೂಲು ಮಾಡಬಾರದು. ತರಬೇತಿಯ ಅವಧಿಯಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಸರ್ಕಾರವು ತಕ್ಕ ವೇತನ ಕೊಡಬೇಕು, ಈಗಾಗಲೇ ಕೆಲಸದಲ್ಲಿರುವವರಿಗೆ ಅವರ ಸಂಬಳವನ್ನೇ ಮುಂದುವರಿಸಬೇಕು. ೧೯೬೪–೬೬ರ ಕೊಠಾರಿ ಆಯೋಗವು ಮೊದಲನೆಯ ಶಿಫಾರಸನ್ನು ಪೂರ್ಣವಾಗಿ ಒಪ್ಪಲಿಲ್ಲ. ಪದವೀಧರರಿಗೆ ಒಂದೇ ವರ್ಷವಿರಲಿ, ಕೆಲಸದ ದಿನಗಳು ೨೩೦ಕ್ಕೆ ಏರಲಿ ಎಂದು ಅದು ಹೇಳಿತು. ಶುಲ್ಕವಿರಕೂಡದೆಂಬ ಮಾತನ್ನು ಮಾತ್ರ ಅದೂ ಎತ್ತಿಹಿಡಿಯಿತು.

ಇದೇ ಅವಧಿಯಲ್ಲಿ, ೧೯೬೩ರಲ್ಲಿ, ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಆರಂಭವಾಯಿತು. ವಿಷಯದ ಪದವಿಯನ್ನೂ ಅಧ್ಯಾಪನದ ಪದವಿಯನ್ನೂ ನಾಲ್ಕೇ ವರ್ಷಗಳಲ್ಲಿ ಒಟ್ಟಿಗೆ ಮುಗಿಸುವ ಮಾರ್ಗವು ಅಲ್ಲಿ ಪ್ರಯೋಗಕ್ಕೆ ಬಂದಿತು. ಇಂದು ಹೊಸತೆಂದು ಸಾರಲಾಗುತ್ತಿರುವ ಸಮಗ್ರ ಶಿಕ್ಷಕ ಪದವಿಯು ಮೈಸೂರಿನವರಿಗೆ ಆರು ದಶಕಗಳ ಪರಿಚಿತ ವಸ್ತು.

೪

೧೯೮೭ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಸ್ಥಾಪಿತವಾಯಿತು. ಜಿಲ್ಲೆಯ ಶಿಕ್ಷಣ ಮಹಾವಿದ್ಯಾಲಯಗಳು ಅದರ ವ್ಯಾಪ್ತಿಗೆ ಬಂದುವು. ಕಾಂಚಿಯಿಂದ ಮದರಾಸಿಗೆ, ಮದರಾಸಿನಿಂದ ಮೈಸೂರಿಗೆ ಸರಿದಿದ್ದ ದಾರಿ ಕೊನೆಗೆ ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವಷ್ಟು ಹತ್ತಿರವಾಯಿತು. ಹೆಣ್ಣುಮಕ್ಕಳ ಮಟ್ಟಿಗೆ ಇದರ ಪರಿಣಾಮವು ದೊಡ್ಡದು. ಪರಸ್ಥಳಕ್ಕೆ ಕಳುಹಿಸಲು ಒಪ್ಪದ ಮನೆಗಳೂ ಊರಿನ ಬಿ.ಎಡ್. ಕಾಲೇಜಿಗೆ ಮಗಳನ್ನು ಕಳುಹಿಸಲು ಒಪ್ಪಿದವು.

ದೂರವು ಕುಗ್ಗಿದ ಮೇಲೆ ಕಾಲವು ಬೆಳೆಯತೊಡಗಿತು. ೧೯೯೩ರ ಶಾಸನದ ಮೂಲಕ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಗೆ ಶಾಸನಬದ್ಧ ಅಧಿಕಾರ ಬಂದಿತು. ಅರ್ಹತೆಯನ್ನು ನಿರ್ಣಯಿಸುವ ಹಕ್ಕು ವಿಶ್ವವಿದ್ಯಾನಿಲಯಗಳಿಂದ ಬಹುಮಟ್ಟಿಗೆ ದಿಲ್ಲಿಗೆ ಸರಿಯಿತು. ೨೦೧೨ರಲ್ಲಿ ನ್ಯಾಯಮೂರ್ತಿ ವರ್ಮಾ ಆಯೋಗವು ಶಿಕ್ಷಕರ ತರಬೇತಿಯ ದುಃಸ್ಥಿತಿಯನ್ನು ಎತ್ತಿ ತೋರಿಸಿತು. ೨೦೧೪ರ ನಿಯಮಾವಳಿಯ ಮೇರೆಗೆ ೨೦೧೫ರಿಂದ ಬಿ.ಎಡ್. ಎರಡು ವರ್ಷಗಳದ್ದಾಯಿತು, ಅದರಲ್ಲಿ ೨೦ ವಾರಗಳನ್ನು ಶಾಲೆಗಳಲ್ಲಿಯೇ ಕಳೆಯಬೇಕೆಂದು ವಿಧಿಸಲಾಯಿತು. ಇದಲ್ಲದೆ ಶಿಕ್ಷಣ ಹಕ್ಕಿನ ಶಾಸನದ ತರುವಾಯ, ೨೦೧೦ರ ಅಧಿಸೂಚನೆಯಂತೆ, ಒಂದರಿಂದ ಎಂಟನೆಯ ತರಗತಿಯವರೆಗಿನ ಶಿಕ್ಷಕರಿಗೆ ಅರ್ಹತಾ ಪರೀಕ್ಷೆಯೂ ಬಂದಿತು. ಕರ್ನಾಟಕದಲ್ಲಿ ಎಂಟನೆಯ ತರಗತಿಯು ಪ್ರೌಢಶಾಲೆಯ ಮೊದಲ ಮೆಟ್ಟಿಲು. ಕೇಂದ್ರದ ಶಾಸನಕ್ಕೆ ಅದು ಪ್ರಾಥಮಿಕ ಶಿಕ್ಷಣದ ಕೊನೆಯ ಮೆಟ್ಟಿಲು. ಒಂದೇ ತರಗತಿಯು ಎರಡು ಲೆಕ್ಕದಲ್ಲಿ ಸೇರಿದೆ.

ಮೊದಲಿಯಾರ್ ಆಯೋಗವು ೧೯೫೩ರಲ್ಲಿ ಹೇಳಿದ ಎರಡು ವರ್ಷಗಳ ಮಾತು ೬೨ ವರ್ಷಗಳ ತರುವಾಯ ಜಾರಿಗೆ ಬಂದಿತೆಂಬುದು ಚರಿತ್ರೆಯ ವಿದ್ಯಾರ್ಥಿಗೆ ಆಶ್ಚರ್ಯವನ್ನುಂಟುಮಾಡುವುದಿಲ್ಲ. ಗಮನಿಸಬೇಕಾದುದು ಬೇರೆ: ಅದೇ ವರದಿಯ ಎರಡನೆಯ ಶಿಫಾರಸು, ಶುಲ್ಕವಿಲ್ಲದೆ ವೇತನಸಹಿತವಾಗಿ ತರಬೇತಿ ನೀಡಬೇಕೆಂಬುದು, ಹಾಗೆಯೇ ಉಳಿಯಿತು. ಪರಿಶಿಷ್ಟರಿಗೂ ಹಿಂದುಳಿದ ವರ್ಗದವರಿಗೂ ವಿದ್ಯಾರ್ಥಿವೇತನಗಳಿವೆ, ನಿಜ. ಆದರೆ ಉಪಾಧ್ಯಾಯನಾಗಲು ಕಲಿಯುತ್ತಿರುವನೆಂಬ ಕಾರಣಕ್ಕಾಗಿಯೇ ಎಲ್ಲರಿಗೂ ಸಲ್ಲುವ ವೇತನವು ಬರಲಿಲ್ಲ. ಕಾಲವನ್ನು ಹೆಚ್ಚಿಸುವ ಅರ್ಧವನ್ನು ತೆಗೆದುಕೊಂಡು, ಆ ಕಾಲವನ್ನು ಸಹಿಸುವಂತೆ ಮಾಡುವ ಅರ್ಧವನ್ನು ಬಿಟ್ಟಂತಾಯಿತು.

ಬಿ.ಎಡ್. ಎರಡು ವರ್ಷಗಳಾದ ೨೦೧೫ರಲ್ಲಿಯೇ ಭದ್ರಾವತಿಯ ಕಾಗದದ ಕಾರ್ಖಾನೆಯ ಉತ್ಪಾದನೆ ನಿಂತುಹೋಯಿತು. ಈ ಎರಡಕ್ಕೂ ಕಾರ್ಯಕಾರಣ ಸಂಬಂಧವಿಲ್ಲ. ಆದರೂ ಒಂದೇ ಮನೆಯ ಬಾಗಿಲಿಗೆ ಎರಡೂ ಒಟ್ಟಿಗೆ ಬಂದಾಗ ಅವುಗಳ ಭಾರವನ್ನು ಬೇರೆ ಬೇರೆಯಾಗಿ ತೂಗಲಾಗದು. ಕೆಲವು ವರ್ಷಗಳ ಹಿಂದೆ ಅಂತಹ ಮನೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಬಿ.ಎ. ಮುಗಿಸಿ, ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಬೇಕೆಂಬ ಆಸೆಯನ್ನು ಈ ಲೇಖಕನಲ್ಲಿ ಹೇಳಿಕೊಂಡಳು. ಎರಡು ವರ್ಷ ಬಿ.ಎಡ್., ಬಳಿಕ ನೇಮಕಾತಿಯ ಪ್ರಕಟಣೆಗಾಗಿ ಕಾಯುವುದು ಎಂದು ಲೆಕ್ಕ ಹೇಳಿದಾಗ ಅವಳು ಕೇಳಿದ ಪ್ರಶ್ನೆ ಒಂದೇ: “ಒಂದು ವರ್ಷದ್ದು ಯಾವುದೂ ಇಲ್ಲವೇ, ಸರ್?” ಅವಳಿಗೆ ಕೊಡಲು ಉತ್ತರವಿರಲಿಲ್ಲ. ಅವಳು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದಳು.

ಇದನ್ನು ಹೇಳುವಾಗ ಲೇಖಕನು ತನ್ನ ಸ್ಥಿತಿಯನ್ನೂ ಮರೆಮಾಚಬಾರದು. ಇತಿಹಾಸದಲ್ಲಿ ಎಂ.ಎ. ಪದವಿ ಪಡೆದು ಕಾಲೇಜಿನ ತರಗತಿಗೆ ಹೋಗಿ ನಿಂತ ದಿನ, ಕಲಿಸುವುದು ಹೇಗೆಂದು ಒಂದು ಗಂಟೆಯಾದರೂ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕದಂಬರ ವಂಶಾವಳಿಯನ್ನು ಕರಿಹಲಗೆಯ ತುಂಬ ಬರೆದು, ಹಿಂದಿರುಗಿ ನೋಡಿದಾಗ ಅರ್ಧ ತರಗತಿ ನಿದ್ರಿಸುತ್ತಿತ್ತು. ಆದುದರಿಂದ ತರಬೇತಿಯೇ ಅನಾವಶ್ಯಕವೆಂದು ವಾದಿಸುವ ಅಧಿಕಾರ ಅವನಿಗಿಲ್ಲ. ಶಾಲೆಯಲ್ಲಿ ಕಳೆಯುವ ಇಪ್ಪತ್ತು ವಾರಗಳ ಬೆಲೆಯನ್ನು ಅವು ದೊರೆಯದವನೇ ಬಲ್ಲ.

೫

ಈ ಚರ್ಚೆ ಇನ್ನೂ ಮುಗಿದಿಲ್ಲ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ೨೦೩೦ರ ವೇಳೆಗೆ ನಾಲ್ಕು ವರ್ಷಗಳ ಸಮಗ್ರ ಪದವಿಯೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕೆಂದಿತು. ೨೦೨೩ರಿಂದ ಅದು ಆಯ್ದ ಸಂಸ್ಥೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಸಾಮಾನ್ಯ ಪದವಿಯನ್ನು ಮರಳಿ ಮೂರು ವರ್ಷಗಳಿಗೆ ತಂದಿತು. ೨೦೨೫ರಲ್ಲಿ ಮಂಡಳಿಯು ಪ್ರಕಟಿಸಿದ ಕರಡು ನಿಯಮಗಳಲ್ಲಿ ಒಂದು ವರ್ಷದ ಬಿ.ಎಡ್. ಮತ್ತೆ ಕಾಣಿಸಿಕೊಂಡಿತಾದರೂ ಅದನ್ನು ನಾಲ್ಕು ವರ್ಷಗಳ ಪದವೀಧರರಿಗೂ ಸ್ನಾತಕೋತ್ತರ ಪದವೀಧರರಿಗೂ ಉದ್ದೇಶಿಸಲಾಗಿತ್ತು. ಮೂರು ವರ್ಷದ ಪದವಿಯೊಡನೆ ಎರಡು ವರ್ಷದ ಬಿ.ಎಡ್. ಸೇರಿ ಐದು ವರ್ಷ; ಸಮಗ್ರ ಮಾರ್ಗದಲ್ಲಿ ನಾಲ್ಕು ವರ್ಷ. ಯಾವ ಮಾರ್ಗವು ತನ್ನ ಊರಿನ ಹತ್ತಿರ ದೊರೆಯುವುದೋ ಅದರ ಮೇಲೆ ವಿದ್ಯಾರ್ಥಿಯ ಜೀವನದ ಒಂದು ವರ್ಷವು ನಿಂತಿದೆ.

ಮೇಲಣ ವಿವರಗಳಿಂದ ಫಲಿಸುವುದಿಷ್ಟು: ಹಿಂದೆ ಉಪಾಧ್ಯಾಯ ವೃತ್ತಿಯ ಬಾಗಿಲಲ್ಲಿ ಬಡವನನ್ನು ತಡೆಯುತ್ತಿದ್ದುದು ದೂರ, ಇಂದು ತಡೆಯುತ್ತಿರುವುದು ಕಾಲ. ಹತ್ತಿರದಲ್ಲಿ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿ ನಾವು ದೂರವನ್ನು ಗೆದ್ದೆವು. ಕಾಲವನ್ನು ಗೆಲ್ಲುವ ಉಪಾಯವಾದರೋ ೧೮೫೪ರ ಖಲೀತೆಯಲ್ಲಿ ಒಮ್ಮೆ, ೧೯೫೩ರ ವರದಿಯಲ್ಲಿ ಮತ್ತೊಮ್ಮೆ ಬರೆದಿಟ್ಟಿದೆ. ತರಬೇತಿಯ ಎರಡು ವರ್ಷ, ಕಡೆಯಪಕ್ಷ ಶಾಲೆಯಲ್ಲಿ ದುಡಿಯುವ ಆ ಇಪ್ಪತ್ತು ವಾರ, ಅಭ್ಯರ್ಥಿಗಳಿಗೆ ವೇತನ ಸಂದರೆ ಭದ್ರಾವತಿಯ ಬಡಾವಣೆಗಳಲ್ಲಿ ಕನಿಷ್ಠ ಕೆಲವರಾದರೂ ಅಂಗಡಿಯ ಲೆಕ್ಕದ ಪುಸ್ತಕವನ್ನು ಮುಚ್ಚಿ ಹಾಜರಿಯ ಪುಸ್ತಕವನ್ನು ತೆರೆಯಬಹುದು.