ಸಾಫ್ಟ್‌ವೇರ್ ರಫ್ತಿನ ತೆರಿಗೆ ವಿನಾಯಿತಿ

ಭಾರತದಿಂದ ಸಾಫ್ಟ್‌ವೇರ್ ರಫ್ತು ಮಾಡುವ ಕಂಪನಿಗಳ ಲಾಭಕ್ಕೆ ಕೇಂದ್ರ ಸರ್ಕಾರ 1990ರ ದಶಕದಿಂದ 2011ರ ಮಾರ್ಚ್‌ವರೆಗೆ ಕೊಟ್ಟ ಆದಾಯ ತೆರಿಗೆ ರಿಯಾಯಿತಿ. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10ಎ ಮತ್ತು 10ಬಿ ಇದಕ್ಕೆ ಆಧಾರ. ಬೆಂಗಳೂರಿನ ಐಟಿ ಉದ್ಯೋಗಗಳೆಲ್ಲ ಇದರ ಫಲ ಎಂಬ ಮಾತು ರೂಢಿಯಲ್ಲಿದೆ. ಅದು ಅರ್ಧ ಸತ್ಯ.

ರಿಯಾಯಿತಿಗಿಂತ ಮೊದಲು ಸರ್ಕಾರದ ಖರ್ಚು ಬಂದಿತ್ತು. ಐಟಿಐ, ಬಿಇಎಲ್, ಎಚ್‌ಎಎಲ್‌ಗಳಂಥ ಸಾರ್ವಜನಿಕ ಉದ್ದಿಮೆಗಳು ದಶಕಗಳ ಕಾಲ ಸಾಕಿದ ಇಂಜಿನಿಯರ್‌ಗಳು ನಗರದಲ್ಲಿದ್ದರು. 1976ರಲ್ಲಿ ಸ್ಥಾಪನೆಯಾದ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್, ಆರ್.ಕೆ. ಬಾಳಿಗಾ ಅವರ ಮುಂದಾಳತ್ವದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ರೂಪಿಸಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ 10ಎ ಸೌಲಭ್ಯ ಇಲ್ಲಿನ ಸಾಫ್ಟ್‌ವೇರ್ ಕಂಪನಿಗಳಿಗೆ ಇನ್ನೂ ಸಿಕ್ಕಿರಲಿಲ್ಲ. ಆ ಕಂಪನಿಗೆ ಬೇಕಾಗಿದ್ದದ್ದು ಇಂಜಿನಿಯರ್‌ಗಳು ಮತ್ತು ಉಪಗ್ರಹ ಸಂಪರ್ಕಕ್ಕೆ ದೆಹಲಿಯ ಅನುಮತಿ.

ಸೆಕ್ಷನ್ 10ಎ ಹುಟ್ಟಿದ್ದು 1981ರಲ್ಲಿ, ಮುಕ್ತ ವ್ಯಾಪಾರ ವಲಯಗಳಿಗಾಗಿ. 1991ರ ಜೂನ್‌ನಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ, ಅಂದರೆ ಎಸ್‌ಟಿಪಿಐ, ಸ್ಥಾಪನೆಯಾಯಿತು. ಸ್ವಂತ ಉಪಗ್ರಹ ಭೂಕೇಂದ್ರ ಕಟ್ಟಿಕೊಳ್ಳಲಾಗದ ಸಣ್ಣ ಕಂಪನಿಗಳೂ ಅದರ ಮೂಲಕ ಡೇಟಾ ಸಂಪರ್ಕ ಪಡೆದವು. ಎರಡು ವರ್ಷಗಳ ನಂತರ ಈ ಪಾರ್ಕ್‌ಗಳ ಘಟಕಗಳೂ 10ಎ ವ್ಯಾಪ್ತಿಗೆ ಬಂದವು. ರಿಯಾಯಿತಿಯ ಅವಧಿ ಮೊದಲು ಐದು ವರ್ಷವಿತ್ತು, ಆಮೇಲೆ ಹತ್ತಾಯಿತು.

ಸಾಫ್ಟ್‌ವೇರ್ ಪಾರ್ಕ್ ಯೋಜನೆಯ ಒಳಗಿನ ವ್ಯವಸ್ಥೆ ಕಾರ್ಖಾನೆಗಾಗಿ ಬರೆದಂತಿತ್ತು. ಘಟಕವೆಂದರೆ ಕಸ್ಟಮ್ಸ್‌ನ ಬಾಂಡೆಡ್ ಆವರಣ, ಅಂದರೆ ಸುಂಕ ಕಟ್ಟದ ಸರಕನ್ನು ಅದರ ನಿಗಾದಲ್ಲಿ ಇಡುವ ಜಾಗ. ಸುಂಕವಿಲ್ಲದೆ ಬಂದ ಪ್ರತಿ ಕಂಪ್ಯೂಟರಿಗೂ ರಿಜಿಸ್ಟರಿನಲ್ಲಿ ಲೆಕ್ಕ, ಕಂಪ್ಯೂಟರ್ ಹೊರಗೆ ಹೋಗಬೇಕಾದರೆ ಅನುಮತಿ. ತಂತಿಯಲ್ಲಿ ಹರಿದುಹೋಗುವ ಸಾಫ್ಟ್‌ವೇರ್‌ಗೆ ಬಂದರಿನಲ್ಲಿ ತಪಾಸಣೆ ಸಾಧ್ಯವಿಲ್ಲದ ಕಾರಣ ರಫ್ತಿನ ಮೌಲ್ಯವನ್ನು ಸಾಫ್ಟೆಕ್ಸ್ ಫಾರಂನಲ್ಲಿ ಘೋಷಿಸಬೇಕಿತ್ತು. ಯೋಜನೆಯಿಂದ ಹೊರಬರುವ ಘಟಕ ಸವಕಳಿ ಕಳೆದು ಉಳಿದ ಸುಂಕ ಕಟ್ಟಿ ಡಿಬಾಂಡಿಂಗ್, ಅಂದರೆ ಆ ಬಾಂಡ್‌ನಿಂದ ಬಿಡುಗಡೆ, ಮಾಡಿಸಿಕೊಳ್ಳುತ್ತಿತ್ತು.

ಉದ್ಯೋಗದ ದೃಷ್ಟಿಯಿಂದ ನೋಡಿದರೆ ಈ ರಿಯಾಯಿತಿಯ ದೊಡ್ಡ ಕೊರತೆ ಅದರ ಅಳತೆಗೋಲು. ಅದು ಅಳೆದದ್ದು ಲಾಭವನ್ನು, ನೇಮಕಾತಿಯನ್ನಲ್ಲ. ಒಂದು ಕೋಟಿ ಲಾಭ ನೂರು ಜನರ ದುಡಿಮೆಯಿಂದ ಬಂದರೂ ಹತ್ತು ಜನರದ್ದರಿಂದ ಬಂದರೂ ಉಳಿಯುವ ತೆರಿಗೆ ಒಂದೇ. ಉದ್ಯೋಗ ಬೆಳೆದದ್ದು ಆ ಕಾಲದ ಸಾಫ್ಟ್‌ವೇರ್ ಸೇವೆ ತಲೆಯೆಣಿಕೆಯ ವ್ಯವಹಾರವಾಗಿದ್ದರಿಂದ: ಆರ್ಡರ್ ಹೆಚ್ಚಿದಂತೆ ಜನ ಹೆಚ್ಚಬೇಕಿತ್ತು. ಹಳೆಯ ಘಟಕವನ್ನು ಒಡೆದು ಕಟ್ಟಿದ್ದಕ್ಕೆ ರಿಯಾಯಿತಿ ಇಲ್ಲ, ಹೊಸ ಘಟಕಕ್ಕೆ ಹೊಸದಾಗಿ ವರ್ಷಗಳ ಎಣಿಕೆ ಎಂಬ ನಿಯಮವಿದ್ದುದರಿಂದ ಹೊಸ ಕಟ್ಟಡ ಏಳುವುದರಲ್ಲಿ ತೆರಿಗೆ ಲೆಕ್ಕವೂ ಸೇರಿಕೊಂಡಿತು.

ಲಾಭದಲ್ಲಿದ್ದ ಉದ್ಯಮಕ್ಕೆ ರಿಯಾಯಿತಿ ಏಕೆ ಎಂಬ ಪ್ರಶ್ನೆ ಬರದೆ ಇರಲಿಲ್ಲ. 2007ರ ಬಜೆಟ್ ಈ ಘಟಕಗಳನ್ನು, ರಿಯಾಯಿತಿ ಇದ್ದರೂ ಕಟ್ಟಬೇಕಾದ ಕನಿಷ್ಠ ಪರ್ಯಾಯ ತೆರಿಗೆಯಡಿ ತಂದಿತು. 2009ಕ್ಕೆ ಮುಗಿಯಬೇಕಿದ್ದ ಸೌಲಭ್ಯ ಎರಡು ಬಾರಿ ಒಂದೊಂದು ವರ್ಷ ಮುಂದಕ್ಕೆ ಹೋಗಿ ನಿಂತಿತು. ಅಷ್ಟರಲ್ಲಿ 2005ರ ವಿಶೇಷ ಆರ್ಥಿಕ ವಲಯ ಕಾಯ್ದೆ ಸೆಕ್ಷನ್ 10ಎಎ ಎಂಬ ಮತ್ತೊಂದು ದಾರಿ ತೆರೆದಿತ್ತು. ಮೊದಲ ಐದು ವರ್ಷ ಪೂರ್ತಿ ರಿಯಾಯಿತಿ, ಮುಂದಿನ ಐದು ವರ್ಷ ಅರ್ಧ, ಆಮೇಲಿನ ಐದು ವರ್ಷ ಮರುಹೂಡಿಕೆಯ ಷರತ್ತಿನ ಮೇಲೆ ಅರ್ಧದವರೆಗೆ. ಕಂಪನಿಗಳು ಆ ಕಡೆ ಸರಿದವು.

ಆಗ ತಲೆಯೆತ್ತಿದ ವಿವಾದವೇ ಇಡೀ ಕಥೆಯ ತಿರುಳು. ವಲಯದೊಳಗಿನ ಹೊಸ ಘಟಕದಲ್ಲಿ ಕೂತ ಇಂಜಿನಿಯರ್ ಹೊಸ ನೇಮಕವೋ, ಹಳೆಯ ಕಚೇರಿಯಿಂದ ಎದ್ದು ಬಂದವನೋ? ಮೊದಲ ವರ್ಷ ತಾಂತ್ರಿಕ ಸಿಬ್ಬಂದಿಯ ಶೇ. 20ರಷ್ಟು ಹಳಬರಾಗಿರಬಹುದು ಎಂದು ನೇರ ತೆರಿಗೆ ಮಂಡಳಿ 2014ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು. ಅಕ್ಟೋಬರಿನಲ್ಲಿ ಅದನ್ನು ಶೇ. 50ಕ್ಕೆ ಏರಿಸಿತು. ಅರ್ಧದಷ್ಟು ಜನ ಬರೀ ಜಾಗ ಬದಲಿಸಿದರೂ ಘಟಕ ಹೊಸದೇ ಆಯಿತು.

ನೇಮಕಾತಿಯನ್ನೇ ಅಳೆಯುವ ಕಾನೂನು ಇರಲಿಲ್ಲವೆಂದಲ್ಲ. 1998ರಲ್ಲಿ ಬಂದ ಸೆಕ್ಷನ್ 80ಜೆಜೆಎಎ ಹೊಸ ಕಾರ್ಮಿಕರ ವೇತನದ ಶೇ. 30ರಷ್ಟನ್ನು ಮೂರು ವರ್ಷ ಲಾಭದಿಂದ ಕಳೆಯಲು ಬಿಟ್ಟಿತು. ಕಾರ್ಖಾನೆಗಳಿಗೆ ಸೀಮಿತವಾಗಿದ್ದ ಅದನ್ನು 2016ರಲ್ಲಿ ಇತರ ವಲಯಗಳಿಗೂ ವಿಸ್ತರಿಸಲಾಯಿತು. ತಿಂಗಳ ವೇತನ 25,000 ರೂಪಾಯಿ ಮೀರಿದ ನೌಕರ ಮಾತ್ರ ಆ ಲೆಕ್ಕಕ್ಕೆ ಸೇರುವುದಿಲ್ಲ.