ಆಕಾಶದಲ್ಲಿದ್ದದ್ದೊಂದೇ ಉಳೀತು

ಯುದ್ಧನೌಕೆಗಳ ಕಥೆ ಎಲ್ಲರೂ ಹೇಳ್ತಾರೆ. ನಾನಿವತ್ತು ಸಾಮಾನು ಹೊತ್ತ ಹಡಗಿನ ಕಥೆ ಹೇಳ್ತೀನಿ.

1982ರ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಬ್ರಿಟನ್ ‘ಅಟ್ಲಾಂಟಿಕ್ ಕನ್ವೇಯರ್’ ಎಂಬ ಕಂಟೇನರ್ ಹಡಗಿನಲ್ಲಿ ಹೆಲಿಕಾಪ್ಟರ್‌ಗಳು, ಅವುಗಳ ಬಿಡಿಭಾಗಗಳು, ಡೇರೆಗಳು ಎಲ್ಲವನ್ನೂ ತುಂಬಿ ಕಳಿಸಿತು. ಮೇ 25ರಂದು ಅರ್ಜೆಂಟೀನಾದ ಎಕ್ಸೋಸೆ ಕ್ಷಿಪಣಿಗಳು ಬಡಿದವು. ಕ್ಯಾಪ್ಟನ್ ಇಯಾನ್ ನಾರ್ತ್ ಸೇರಿ 12 ಜನ ತೀರಿಕೊಂಡರು. 3 ಚಿನೂಕ್, 6 ವೆಸೆಕ್ಸ್ ಹೆಲಿಕಾಪ್ಟರ್‌ಗಳು ಬೆಂಕಿಪಾಲಾದವು. ಚಿನೂಕ್‌ಗಳ ಪೈಕಿ ಆ ಹೊತ್ತಿಗೆ ಹಾರಾಟದಲ್ಲಿದ್ದ ‘ಬ್ರಾವೋ ನವೆಂಬರ್’ ಒಂದೇ ಉಳೀತು.

ಹೆಲಿಕಾಪ್ಟರ್‌ನಲ್ಲಿ ಹೋಗಬೇಕಿದ್ದ ಸೈನಿಕರು ಚಳಿ, ಕೆಸರಲ್ಲಿ ಹೊರೆ ಹೊತ್ತು ಸುಮಾರು 90 ಕಿಲೋಮೀಟರ್ ನಡೆದರು. ಉಳಿದ ಆ ಒಂದೇ ಚಿನೂಕ್, ಬಿಡಿಭಾಗಗಳಿಲ್ಲದೆಯೂ, ಯುದ್ಧ ಮುಗಿಯೋವರೆಗೆ ದುಡೀತು.

ಇವತ್ತು ಪೂರೈಕೆ ಹಡಗಿನಿಂದ ಡ್ರೋನ್ ಹಾರಿಸೋ ಮಾತು ಬಂದಾಗ ನಾನು ಮೊದಲು ಕೇಳೋದು ಇದೇ: ಎಲ್ಲವನ್ನೂ ಒಂದೇ ಹಡಗಲ್ಲಿ ಇಟ್ಟಿಲ್ಲ ತಾನೇ?