ನಾಲ್ಕು ಮೂಲೆಯ ನಾದ: ಹಳೆಯ ಆಲ್ಬಂ, ಹೊಸ ಮಿಶ್ರಣ

1973ರ ಫೆಬ್ರುವರಿ 27ರಂದು ಲಂಡನ್ನಿನ ತಾರಾಲಯದಲ್ಲಿ ಪತ್ರಕರ್ತರಿಗಾಗಿ ಒಂದು ಸಮಾರಂಭ ಏರ್ಪಾಡಾಗಿತ್ತು. ಪಿಂಕ್ ಫ್ಲಾಯ್ಡ್ ತಂಡದ ಹೊಸ ಆಲ್ಬಂ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಕೇಳಿಸುವುದು ಅದರ ಉದ್ದೇಶ. ಆದರೆ ತಂಡದ ನಾಲ್ವರಲ್ಲಿ ಮೂವರು ಅತ್ತ ಸುಳಿಯಲೇ ಇಲ್ಲ. ಅತಿಥಿಗಳನ್ನು ಎದುರುಗೊಂಡದ್ದು ಕಲಾವಿದರ ಆಳೆತ್ತರದ ರಟ್ಟಿನ ಚಿತ್ರಗಳು! ನಾಲ್ಕು ಚಾನೆಲ್‌ಗಳ ‘ಕ್ವಾಡ್’ ಮಿಶ್ರಣ ಇನ್ನೂ ಸಿದ್ಧವಾಗಿರಲಿಲ್ಲ. ಬರೀ ಸ್ಟೀರಿಯೊ ಕೇಳಿಸುವುದು ಅವರಿಗೆ ಒಪ್ಪಿಗೆಯಾಗಿರಲಿಲ್ಲ.

ಈ ಹಟಕ್ಕೆ ಹಿನ್ನೆಲೆಯಿತ್ತು. ಧ್ವನಿಯನ್ನು ಸಭಾಂಗಣದ ಮೂಲೆ ಮೂಲೆಗೂ ತಿರುಗಿಸುವ ಪ್ರಯೋಗವನ್ನು ತಂಡ 1967ರಲ್ಲೇ ನಡೆಸಿತ್ತು. ಆಲ್ಬಂನ ‘ಟೈಮ್’ ಹಾಡಿನಲ್ಲಿ ಒಮ್ಮೆಲೇ ಬಾರಿಸುವ ಗಡಿಯಾರಗಳನ್ನು ತಂತ್ರಜ್ಞ ಅಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯೊಂದರಲ್ಲಿ ಮುದ್ರಿಸಿಕೊಂಡದ್ದೂ ಕ್ವಾಡ್ ಪ್ರಾತ್ಯಕ್ಷಿಕೆಗಾಗಿಯೇ.

ಕ್ವಾಡ್ ಮಾತ್ರ ಬಹುಕಾಲ ಬಾಳಲಿಲ್ಲ. ಎಸ್‌ಕ್ಯೂ, ಕ್ಯೂಎಸ್, ಸಿಡಿ-4 ಎಂಬ ಪದ್ಧತಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮನೆಯಲ್ಲಿ ನಾಲ್ಕು ಸ್ಪೀಕರ್ ಇಡುವ ಖರ್ಚು ಬೇರೆ. ದಶಕ ಮುಗಿಯುವ ಹೊತ್ತಿಗೆ ಅದು ಮೂಲೆ ಸೇರಿತು. 2003ರಲ್ಲಿ ಜೇಮ್ಸ್ ಗತ್ರಿ ಅದೇ ಆಲ್ಬಂ ಅನ್ನು ‘5.1’ ಪದ್ಧತಿಗೆ, ಅಂದರೆ ಐದು ಸ್ಪೀಕರ್ ಮತ್ತು ಮಂದ್ರಧ್ವನಿಗೆ ಮೀಸಲಾದ ಇನ್ನೊಂದಕ್ಕೆ, ಅಳವಡಿಸಿದರು. 2011ರಲ್ಲಿ ಪಾರ್ಸನ್ಸರ ಕ್ವಾಡ್ ಮಿಶ್ರಣವೂ ಮತ್ತೆ ಹೊರಬಂತು. ಹಾಗಾದರೆ ಯಾವುದು ಸರಿ?

ಮರುಮಿಶ್ರಣವೆಂದರೆ ಬರಿಯ ನಕಲಲ್ಲ. ಕಂಠ, ಗಿಟಾರ್, ಡ್ರಮ್ ಬೇರೆಬೇರೆಯಾಗಿರುವ ಮೂಲ ಟೇಪುಗಳಿಂದ ತಂತ್ರಜ್ಞ ಅವುಗಳ ಪ್ರಮಾಣವನ್ನು ಹೊಸದಾಗಿ ನಿರ್ಧರಿಸುತ್ತಾನೆ. ಆದ್ದರಿಂದ ಮೊದಲು ನೋಡಬೇಕಾದದ್ದು ಹಾಡಿನ ತೂಕ ಉಳಿದಿದೆಯೇ ಎಂಬುದನ್ನು. ಎರಡನೆಯದು, ಹಿಂದಿನ ಸ್ಪೀಕರಿಗೆ ಸಕಾರಣವಾದ ಕೆಲಸವಿದೆಯೇ ಎಂಬುದು. ‘ಮನಿ’ ಹಾಡಿನ ಆರಂಭದಲ್ಲಿ ನಾಣ್ಯ, ಗಲ್ಲಾಪೆಟ್ಟಿಗೆಗಳ ಸದ್ದು ಏಳು ಎಣಿಕೆಯ ತಾಳದಲ್ಲಿ ಬರುತ್ತದೆ. ಬಿಡಿಬಿಡಿಯಾದ ಆ ಸದ್ದುಗಳು ಕೋಣೆಯ ಸುತ್ತ ನಡೆದರೆ ಅದಕ್ಕೊಂದು ಅರ್ಥವಿದೆ. ಗಾಯಕನ ಕಂಠವನ್ನೇ ಹಾಗೆ ಸುತ್ತಿಸಿದರೆ ಅದು ದೊಂಬರಾಟ.

ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪರ್ಸ್’ ಒಳ್ಳೆಯ ನಿದರ್ಶನ. ಆಗಿನ ಟೇಪಿನಲ್ಲಿ ನಾಲ್ಕೇ ಟ್ರ್ಯಾಕ್. ಅವು ತುಂಬಿದಾಗ ಎಲ್ಲವನ್ನೂ ಬೆರೆಸಿ ಇನ್ನೊಂದು ಟೇಪಿಗೆ ಇಳಿಸಬೇಕಿತ್ತು. ಇಳಿಸಿದಷ್ಟೂ ಸ್ಪಷ್ಟತೆ ಕುಗ್ಗುತ್ತಿತ್ತು. 2017ರಲ್ಲಿ ಗೈಲ್ಸ್ ಮಾರ್ಟಿನ್ ಬೆರೆಸುವ ಮುಂಚಿನ ಟೇಪುಗಳಿಗೇ ಮರಳಿದರು. ಆದರೆ ದಾರಿದೀಪವಾಗಿ ಇಟ್ಟುಕೊಂಡದ್ದು ತಂಡದವರು ಹೆಚ್ಚು ಆಸ್ಥೆ ವಹಿಸಿದ್ದ ಹಳೆಯ ಮೋನೊ ಮಿಶ್ರಣವನ್ನು. ಸ್ಪಷ್ಟತೆ ಹೊಸದು, ಹದ ಹಳೆಯದು.

‘ಡಾರ್ಕ್ ಸೈಡ್’ 2023ರಲ್ಲಿ ಅಟ್ಮಾಸ್ ಪದ್ಧತಿಯಲ್ಲೂ ಬಂತು. ಮುಂದಿನ ಪೀಳಿಗೆಯ ಶ್ರೋತೃಗಳು ಮೊದಲು ಕೇಳುವುದು ಮರುಮಿಶ್ರಣವನ್ನೇ ಆಗಿರಬಹುದು. ಅವರ ಪಾಲಿಗೆ ಅದೇ ಮೂಲವಾಗುತ್ತದೆ. ಆದ್ದರಿಂದ ಹೊಸದು ಎಷ್ಟೇ ಸೊಗಸಾಗಿರಲಿ, ಹಳೆಯ ಸ್ಟೀರಿಯೊ, ಮೋನೊಗಳೂ ಪಕ್ಕದಲ್ಲೇ ಕೇಳಲು ಸಿಗುವಂತಿರಬೇಕು. ಹೋಲಿಸಿ ನೋಡಲು ಮೂಲವೇ ಇಲ್ಲದಿದ್ದರೆ ತೀರ್ಪಿಗೆ ಆಧಾರವೆಲ್ಲಿ?